ಓಟ ಮುಗೀತು, ಮೆಸೇಜೂ ಬಂತು, ಅದು ಅಸಲಿಯೇ?

ಏಪ್ರಿಲ್ ಕೊನೆಯ ಒಂದು ಭಾನುವಾರ, ಬೆಂಗಳೂರಿನ ಕಬ್ಬನ್ ರಸ್ತೆಯ ಮಾಣೆಕ್ ಷಾ ಪರೇಡ್ ಮೈದಾನ. 2008ರಲ್ಲಿ ಶುರುವಾದ ವಿಶ್ವ 10ಕೆ ಓಟ ಮುಗಿಸಿದವರು ಕೊರಳಲ್ಲಿ ಪದಕ ಹಾಕಿಕೊಂಡು ಸೆಲ್ಫಿಗೆ ನಿಂತಿರುತ್ತಾರೆ. ಅಷ್ಟರಲ್ಲಿ ಮೊಬೈಲ್ ಟಿಣ್ ಎನ್ನುತ್ತದೆ: ಅಭಿನಂದನೆಗಳು, ನಿಮ್ಮ ಸಮಯ ಇಷ್ಟು, ಪ್ರಮಾಣಪತ್ರಕ್ಕೆ ಈ ಲಿಂಕ್ ಒತ್ತಿ. ಬೆವರು ಒರೆಸಿಕೊಳ್ಳುವ ಮೊದಲೇ ಬೆರಳು ಲಿಂಕಿನ ಮೇಲಿರುತ್ತದೆ. ಇಂಥ ಯಾವುದೇ ಓಟದ ದಿನ ವಂಚಕನೊಬ್ಬ ಹೊಂಚು ಹಾಕಬೇಕೆಂದರೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಬ್ಯಾಂಕಿನ ಹೆಸರಲ್ಲಿ ಬಂದ ಮೆಸೇಜನ್ನು ಅನುಮಾನಿಸಲು ನಾವೆಲ್ಲ ಕಲಿತಿದ್ದೇವೆ. ನಾವೇ ಕಾದು ಕುಳಿತ ಮೆಸೇಜನ್ನು ಅನುಮಾನಿಸುವ ರೂಢಿ ಮಾತ್ರ ಇನ್ನೂ ಬಂದಿಲ್ಲ.

ಅಸಲಿ ಮೆಸೇಜ್ ಹುಟ್ಟುವುದು ಎದೆಗೆ ಚುಚ್ಚಿಕೊಂಡ ನಂಬರ್ ಚೀಟಿಯಿಂದ, ಅಂದರೆ ಬಿಬ್‌ನಿಂದ. ಅದರ ಹಿಂಬದಿಯಲ್ಲಿ ತೆಳ್ಳನೆಯ ಪಟ್ಟಿಯಂತೆ ಅಂಟಿರುವುದೇ ಚಿಪ್. ಆರಂಭದ ಗೆರೆಯಲ್ಲಿ, ನಡುವೆ ಒಂದೆರಡು ಕಡೆ, ಕೊನೆಗೆ ಗುರಿಯಲ್ಲಿ ನೆಲದ ಮೇಲೆ ಮ್ಯಾಟ್ ಹಾಸಿರುತ್ತಾರೆ. ಅದನ್ನು ದಾಟಿದಾಗ ಚಿಪ್‌ನ ಸಂಖ್ಯೆ ಮತ್ತು ಆ ಕ್ಷಣ ದಾಖಲಾಗುತ್ತವೆ. ನೋಂದಣಿಯಲ್ಲಿ ನೀವು ಕೊಟ್ಟ ಫೋನ್ ನಂಬರಿಗೆ ಅದು ಜೋಡಣೆಯಾಗಿ ಮೆಸೇಜ್ ಹೊರಡುತ್ತದೆ. ಗುಂಡು ಹಾರಿದ ಕ್ಷಣದಿಂದ ಎಣಿಸಿದರೆ ಗನ್ ಟೈಮ್, ನೀವು ಆರಂಭದ ಮ್ಯಾಟ್ ತುಳಿದಲ್ಲಿಂದ ಎಣಿಸಿದರೆ ಚಿಪ್ ಟೈಮ್. ಹಿಂದಿನ ಸಾಲಿನಲ್ಲಿ ನಿಂತವರಿಗೆ ಇವೆರಡರ ನಡುವೆ ಹತ್ತು ನಿಮಿಷದ ಅಂತರವೂ ಇರಬಹುದು. ಅದನ್ನು ಕಂಡು ‘ಮೋಸ’ ಎಂದು ಕೂಗಬೇಕಿಲ್ಲ.

‘ನನ್ನ ಹೆಸರು, ಬಿಬ್ ನಂಬರ್, ಸಮಯ ಎಲ್ಲ ಸರಿಯಾಗಿದೆ, ಅಂದ ಮೇಲೆ ಮೆಸೇಜ್ ಅಸಲಿ’ ಎನ್ನುವವರೇ ಹೆಚ್ಚು. ಮೋಸ ಹೋಗುವುದು ಇಲ್ಲೇ. ದೊಡ್ಡ ಓಟಗಳ ಫಲಿತಾಂಶ ಬಹುಮಟ್ಟಿಗೆ ಬಹಿರಂಗ. ಹೆಸರನ್ನೋ ಬಿಬ್ ನಂಬರನ್ನೋ ಕೊಟ್ಟರೆ ಯಾರು ಬೇಕಾದರೂ ನಿಮ್ಮ ಸಮಯ ನೋಡಬಹುದು. ಅದರ ಮೇಲೆ ಹಿಂದಿನ ರಾತ್ರಿಯೇ ‘ನಾಳೆ ಓಟ’ ಎಂದು ಬಿಬ್‌ನ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕಿರುತ್ತೇವೆ. ವಂಚಕನ ಬಳಿ ಇಲ್ಲದ್ದು ಫೋನ್ ನಂಬರ್ ಒಂದೇ. ಅಪಾರ್ಟ್‌ಮೆಂಟಿನ ಗೇಟಿನಿಂದ ಬಟ್ಟೆ ಅಂಗಡಿಯ ಬಿಲ್ ಕೌಂಟರಿನವರೆಗೆ ಕೇಳಿದಲ್ಲೆಲ್ಲ ಹೇಳಿ ಬರುವ ನಂಬರ್ ಅದು; ಸಿಗುವುದು ಎಷ್ಟರ ಮಾತು! ಹಾಗಾಗಿ ಸಮಯ ಸರಿಯಾಗಿದೆ ಎಂಬುದು ಮೆಸೇಜ್ ಕಳಿಸಿದವರು ಯಾರೆಂದು ಹೇಳುವುದಿಲ್ಲ. ಸಮಯ ಅಸಂಭವವಾಗಿದ್ದರೆ ಮಾತ್ರ ಅದು ಏನನ್ನೋ ಹೇಳುತ್ತದೆ. 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ ಬೆಂಗಳೂರಿನಲ್ಲಿ 10 ಕಿ.ಮೀ. ಓಡಿದ್ದು 27 ನಿಮಿಷ 38 ಸೆಕೆಂಡಿನಲ್ಲಿ. ನಿಮಗೆ 26 ನಿಮಿಷ ಎಂದು ಬಂದರೆ ಹಿಗ್ಗುವ ಮೊದಲು ಕೈಗಡಿಯಾರ ನೋಡಿಕೊಳ್ಳಿ.

ಕಳಿಸಿದವರ ಹೆಸರನ್ನು ಓದುವುದು ಕಲಿಯಬೇಕಾದ ವಿದ್ಯೆ. ಸಂಸ್ಥೆಗಳು ಸಗಟಾಗಿ ಕಳಿಸುವ ಎಸ್ಸೆಮ್ಮೆಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ನೋಂದಾಯಿತ ಹೆಡರ್ ಇರಬೇಕು. ಮೊದಲ ಎರಡು ಅಕ್ಷರ ಮೊಬೈಲ್ ಕಂಪನಿ ಮತ್ತು ವಲಯದ್ದು, ಆಮೇಲೆ ಅಡ್ಡಗೆರೆ, ಅದರಾಚೆ ಕಳಿಸಿದವರ ಗುರುತು. 2025ರ ತಿದ್ದುಪಡಿಯ ನಂತರ ಕೊನೆಗೆ ಇನ್ನೊಂದು ಅಕ್ಷರ ಸೇರಿದೆ: ಜಾಹೀರಾತಿಗೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರದ್ದಕ್ಕೆ ‘ಜಿ’. ಯಾವ ಹೆಡರ್ ಯಾರದ್ದು ಎಂದು ಟ್ರಾಯ್‌ನ ಹೆಡರ್ ಪೋರ್ಟಲ್‌ನಲ್ಲಿ ಹುಡುಕಬಹುದು. ಅಲ್ಲಿ ಓಟದ ಆಯೋಜಕರ ಬದಲು ಟೈಮಿಂಗ್ ಕಂಪನಿಯ ಹೆಸರು ಬಂದರೆ ಗಾಬರಿ ಬೇಡ, ಸಮಯ ಅಳೆಯುವ ಕೆಲಸವನ್ನು ಬೇರೆ ಕಂಪನಿಗೆ ವಹಿಸುವುದು ಮಾಮೂಲು. ಹತ್ತಂಕಿಯ ಸಾಮಾನ್ಯ ನಂಬರಿನಿಂದ ಬಂದರೆ ಅನುಮಾನಿಸಿ. ಆದರೆ ತಾಲ್ಲೂಕು ಕೇಂದ್ರದ ಸಣ್ಣ ಓಟದಲ್ಲಿ ಕ್ಲಬ್ಬಿನ ಹುಡುಗನೊಬ್ಬ ವಾಟ್ಸ್‌ಆ್ಯಪ್ ಗುಂಪಿಗೆ ಪಟ್ಟಿ ಹಾಕುವುದೂ ಉಂಟು, ಪಾಪ, ಅವನನ್ನೂ ಕಳ್ಳನೆನ್ನಬೇಡಿ. ಇನ್ನೊಂದು ಕಡೆ, ನಕಲಿ ಟವರ್ ಬಳಸಿ ಅಸಲಿ ಹೆಡರನ್ನೇ ತೋರಿಸುವ ತಂತ್ರವೂ ವಂಚಕರಿಗೆ ಗೊತ್ತು. ಹೆಡರ್ ಒಂದನ್ನೇ ನಂಬಿ ಕೂರುವಂತಿಲ್ಲ.

ನನ್ನ ಮಟ್ಟಿಗೆ ಗಟ್ಟಿ ದಾರಿ ಒಂದೇ: ಮೆಸೇಜನ್ನು ಸುದ್ದಿ ಎಂದು ಓದಿ, ಲಿಂಕನ್ನು ಬಿಟ್ಟುಬಿಡಿ. ನೋಂದಣಿ ಮಾಡಿಸಿದ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆರೆದು ಬಿಬ್ ನಂಬರ್ ಹಾಕಿ. ಅಲ್ಲಿ ನಡುವಿನ ಮ್ಯಾಟ್‌ಗಳ ಸಮಯವೂ ಸಾಮಾನ್ಯವಾಗಿ ಇರುತ್ತದೆ. ಫಲಿತಾಂಶ ಎಲ್ಲಿಗೂ ಓಡಿಹೋಗುವುದಿಲ್ಲ, ಮನೆಗೆ ಹೋಗಿ ಸ್ನಾನ ಮಾಡಿ ನೋಡಿದರೂ ಆಗುತ್ತದೆ.

ಪ್ರಮಾಣಪತ್ರ ಬರುವುದು ಪಿಡಿಎಫ್ ಅಥವಾ ಚಿತ್ರವಾಗಿ. ಎಪಿಕೆ ಫೈಲ್ ಬಂತೋ, ಅದು ಪ್ರಮಾಣಪತ್ರವಲ್ಲ, ನಿಮ್ಮ ಫೋನಿನೊಳಗೆ ನುಗ್ಗುವ ಆ್ಯಪ್. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಹೆಸರಲ್ಲಿ ಬರುತ್ತಿರುವುದೂ ಇದೇ ಸರಕು. ಓಟದ ಫೋಟೊಗಳನ್ನು ಹಣಕ್ಕೆ ಮಾರುವುದು ನ್ಯಾಯವಾದ ವ್ಯಾಪಾರವೇ. ‘ನೀವು ಮೂರನೇ ಸ್ಥಾನ, ಬಹುಮಾನದ ಹಣ ಪಡೆಯಲು ಯುಪಿಐ ಪಿನ್ ಒತ್ತಿ’ ಎಂಬುದು ಮಾತ್ರ ಶುದ್ಧ ಮೋಸ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಮೆಸೇಜ್ ಅಸಲಿಯಾಗಿದ್ದು ಫಲಿತಾಂಶವೇ ತಪ್ಪಾಗಿರುವ ಪ್ರಸಂಗಗಳೂ ಇವೆ. ಬಿಬ್ ಮಡಚಿಕೊಂಡು ಚಿಪ್ ದಾಖಲಾಗದೆ ಹೋಗಿರಬಹುದು, ಗಂಡ ಹೆಂಡತಿಯ ಬಿಬ್ ಅದಲುಬದಲಾಗಿರಬಹುದು. ಮೊದಲು ಬರುವುದು ಸಾಮಾನ್ಯವಾಗಿ ತಾತ್ಕಾಲಿಕ ಫಲಿತಾಂಶ. ಆಯೋಜಕರಿಗೆ ಕೈಗಡಿಯಾರದ ದಾಖಲೆ ಸಮೇತ ಬರೆದರೆ ಪರಿಶೀಲಿಸುತ್ತಾರೆ. ಗಡಿಯಾರ 10.2 ಕಿ.ಮೀ. ತೋರಿಸಿತೆಂದು ಜಗಳಕ್ಕೆ ಹೋಗಬೇಡಿ, ತಿರುವುಗಳಲ್ಲಿ ಹೊರಬದಿಯಲ್ಲಿ ಓಡಿದರೆ ಅಷ್ಟು ಹೆಚ್ಚುವುದು ಸಹಜ.

ಲಿಂಕ್ ಒತ್ತಿ ದುಡ್ಡು ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಹೋಗಿಲ್ಲ, ಮೆಸೇಜ್ ಮಾತ್ರ ಅನುಮಾನಾಸ್ಪದ ಎಂದಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಿ. ಓಟದ ಆಯೋಜಕರಲ್ಲೂ ಒಂದು ಕೋರಿಕೆ ಇದೆ: ಫಲಿತಾಂಶ ಯಾವ ಹೆಡರ್‌ನಿಂದ ಬರುತ್ತದೆ, ಯಾವ ಜಾಲತಾಣದಲ್ಲಿ ಸಿಗುತ್ತದೆ ಎಂಬ ಎರಡು ಸಾಲನ್ನು ಬಿಬ್ ಕೊಡುವ ಕವರಿನ ಮೇಲೆಯೇ ಅಚ್ಚು ಹಾಕಿಸಿ.