ಜೂನ್ ಹಾಜರಿಗೆ ಏಪ್ರಿಲ್ ಲೆಕ್ಕ

ಫೆಬ್ರುವರಿ ಕಳೆಯುವ ಹೊತ್ತಿಗೆ ಮಹದೇವಪುರದ ಐಟಿ ಪಾರ್ಕುಗಳ ಎದುರು ಗುಲಾಬಿ ಟಬೆಬುಯಾ ಅರಳುತ್ತದೆ. ಹೋಗಿಬರುವವರೆಲ್ಲ ನಿಂತು ಮೊಬೈಲ್ ಎತ್ತುತ್ತಾರೆ. ಅದೇ ರಸ್ತೆಯಿಂದ ಎರಡು ಓಣಿ ಒಳಗಿರುವ ಸರ್ಕಾರಿ ಶಾಲೆಯ ಅಂಗಳದಲ್ಲಿ ಹೊಂಗೆ ಹೂ ಬಿಟ್ಟರೆ ಯಾರೂ ಫೋಟೊ ತೆಗೆಯುವುದಿಲ್ಲ. ಉದುರಿದ ಹೂವನ್ನು ಪ್ರಾರ್ಥನೆಗೆ ಮುಂಚೆ ಗುಡಿಸಿ ಹಾಕಬೇಕು, ಅಷ್ಟೆ.

ಶಾಲೆಯ ಮಟ್ಟಿಗೆ ವಸಂತ ಎಂದರೆ ಒಂದು ತಾರೀಕು: ಏಪ್ರಿಲ್ 10. ರಾಜ್ಯದ ಪ್ರಾಥಮಿಕ ಶಾಲೆಗಳ ವರ್ಷ ಈಚೆಗೆ ಮೇ 29ಕ್ಕೆ ಶುರುವಾಗಿ ಅಂದಿಗೆ ಮುಗಿಯುತ್ತದೆ. ಶಿವರಾತ್ರಿಯಿಂದ ಅಲ್ಲಿಯವರೆಗಿನ ಕೆಲವೇ ವಾರಗಳಲ್ಲಿ ಪಾಠ ಮುಗಿಸಬೇಕು, ಪರೀಕ್ಷೆ ನಡೆಸಬೇಕು, ಅಂಕ ಏರಿಸಬೇಕು, ಏಳನೇ ತರಗತಿಯವರನ್ನು ಬೀಳ್ಕೊಡಬೇಕು. ಇದರ ನಡುವೆಯೇ ಯುಗಾದಿ ಬರುತ್ತದೆ. ದಾಖಲಾತಿ ಆಂದೋಲನದ ಬ್ಯಾನರ್ ಜೂನ್‌ನಲ್ಲಿ ಕಟ್ಟುತ್ತಾರೆ, ನಿಜ. ಆದರೆ ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಯಾವ ಮಗು ಶಾಲೆಗೆ ಮರಳುತ್ತದೆ, ಯಾವುದು ಮರಳುವುದಿಲ್ಲ ಎಂಬುದು ಬ್ಯಾನರ್ ಕಟ್ಟುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಊರೊಳಗಿನ ಶಾಲೆ, ಹೊರಗಿನಿಂದ ಬಂದ ಮಕ್ಕಳು

ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಈ ಭಾಗದ ಹಳ್ಳಿಗಳ ಹೆಸರುಗಳು ಒಂದೊಂದಾಗಿ ಕಿವಿಗೆ ಬೀಳುತ್ತವೆ: ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ಈ ಮಾರ್ಗ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ಅದಕ್ಕೂ ಬಹಳ ಮೊದಲು ಮಹದೇವಪುರ ತನ್ನದೇ ನಗರಸಭೆ ಇದ್ದ ಊರು. 2007ರಲ್ಲಿ ಬಿಬಿಎಂಪಿಗೆ ಸೇರಿತು, 2025ರ ಸೆಪ್ಟೆಂಬರ್‌ನಿಂದ ಕೆ.ಆರ್. ಪುರದ ಜೊತೆ ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿದೆ. ಆಡಳಿತದ ಬೋರ್ಡು ಎಷ್ಟು ಸಲ ಬದಲಾದರೂ ಹಳೆಯ ಊರುಗಳ ಸರ್ಕಾರಿ ಶಾಲೆಗಳು ದೇವಸ್ಥಾನದ ಪಕ್ಕವೋ ಕೆರೆಯ ದಾರಿಯಲ್ಲೋ ಇದ್ದಲ್ಲೇ ಇವೆ.

ಬದಲಾದವರು ಬೆಂಚಿನ ಮೇಲೆ ಕೂರುವವರು. ಊರಿನ ಹಳೆಯ ಮನೆತನಗಳ ಮಕ್ಕಳು ಬಹುತೇಕ ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿದ್ದಾರೆ. ಅವರು ಬಿಟ್ಟ ಜಾಗಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು ಬಂದಿದ್ದಾರೆ. ಜೊತೆಗೆ ಆಂಧ್ರ, ತಮಿಳುನಾಡು, ಬಿಹಾರ, ಬಂಗಾಳದಿಂದ ಬಂದ ಮನೆಗೆಲಸದವರ, ಸೆಕ್ಯುರಿಟಿ ಗಾರ್ಡುಗಳ, ಕಸ ವಿಂಗಡಿಸುವವರ ಮಕ್ಕಳಿದ್ದಾರೆ. ಮನೆಯಲ್ಲಿ ತೆಲುಗು, ಉರ್ದು, ಹಿಂದಿ, ಬಂಗಾಳಿ ಆಡುವ ಮಗು ಆಟದ ಬಯಲಲ್ಲಿ ಆರು ತಿಂಗಳಿಗೆ ಕನ್ನಡದಲ್ಲಿ ಜಗಳವಾಡಲು ಕಲಿಯುತ್ತದೆ. ಓದಿ ಬರೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಅಷ್ಟು ಕಾಲ ಆ ಮಗು ಇದೇ ಶಾಲೆಯಲ್ಲಿ ಇರುತ್ತದೆಯೇ ಎಂಬುದೇ ಪ್ರಶ್ನೆ.

ಹಾಲು, ರಾಗಿ ಮಾಲ್ಟ್, ಮೊಟ್ಟೆ

ಶಾಲೆಯ ದಿನ ನಾಡಗೀತೆ, ದಿನಪತ್ರಿಕೆಯ ಮುಖ್ಯಾಂಶ ಓದುವುದರಿಂದ ಶುರುವಾಗುತ್ತದೆ. ಆಮೇಲೆ ಹಾಲು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಪ್ರಕಾರ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿದೆ. ಮಧ್ಯಾಹ್ನದ ಊಟ ನಗರದ ಬಹಳಷ್ಟು ಶಾಲೆಗಳಿಗೆ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲಿ ಬರುತ್ತದೆ. ಹೀಗೆ ಊಟ ಕಳಿಸುವ ಅಕ್ಷಯಪಾತ್ರ 2000ನೇ ಇಸವಿಯಲ್ಲಿ ಕೆಲಸ ಶುರು ಮಾಡಿದ್ದು ಬೆಂಗಳೂರಿನ ಐದು ಶಾಲೆಗಳ ಸುಮಾರು 1,500 ಮಕ್ಕಳಿಂದ.

ಅಕ್ಷಯಪಾತ್ರದ ವ್ಯಾನಿನಲ್ಲಿ ಮೊಟ್ಟೆ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಹೊಂದಿಸಬೇಕು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದ ನಂತರ ಮೊಟ್ಟೆ ವಾರದ ಆರೂ ದಿನಕ್ಕೆ ವಿಸ್ತರಿಸಿತು. ತಿನ್ನದವರಿಗೆ ಬಾಳೆಹಣ್ಣು ಇದೆ. ಮೊಟ್ಟೆ ತರಿಸಿ, ಬೇಯಿಸಿ, ಸುಲಿದು, ಎಣಿಸಿ, ರಿಜಿಸ್ಟರಿನಲ್ಲಿ ಬರೆಯುವ ಕೆಲಸದಲ್ಲಿ ಮಾರ್ಚ್ ತಿಂಗಳ ಪಾಠದ ಹೊತ್ತು ಒಂದಿಷ್ಟು ಹೋಗುತ್ತದೆ ಎಂಬ ದೂರು ಶಿಕ್ಷಕರಲ್ಲಿದೆ. ದೂರು ಸುಳ್ಳಲ್ಲ. ಆದರೆ ಕಾರ್ಮಿಕರ ಶೆಡ್ಡಿನಲ್ಲಿ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಕೆಲಸಕ್ಕೆ ಹೊರಡುವ ತಾಯಂದಿರಿಗೆ ಮಗುವನ್ನು ಶಾಲೆಗೆ ಕಳಿಸಲು ಈ ಊಟವೂ ಒಂದು ಗಟ್ಟಿ ಕಾರಣ.

ಪರೀಕ್ಷೆಯೂ ಕೋರ್ಟೂ

ಮಾರ್ಚ್ ಎಂದರೆ ಎರಡನೇ ಸಂಕಲನಾತ್ಮಕ ಮೌಲ್ಯಮಾಪನ, ಶಿಕ್ಷಕರ ಬಾಯಲ್ಲಿ ‘ಎಸ್‌ಎ–ಟು’. ಐದನೇ ತರಗತಿಯ ಮಕ್ಕಳಿಗೆ ಇದು ಎರಡು ವರ್ಷ ದೊಡ್ಡ ಸುದ್ದಿಯೇ ಆಯಿತು. 2023ರಲ್ಲಿ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ಪರೀಕ್ಷೆಗೆ ಒಪ್ಪಿತು. ಕೊನೆಗೆ ಮಾರ್ಚ್ 27ಕ್ಕೆ ಪರೀಕ್ಷೆ ಶುರುವಾಯಿತು. 2024ರಲ್ಲಿ 5, 8, 9ನೇ ತರಗತಿಗಳಿಗೆ ಮಾರ್ಚ್ 11ರಂದು ಪರೀಕ್ಷೆ ಆರಂಭವಾಗಿ ಮರುದಿನವೇ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಹೈಕೋರ್ಟ್ ಅನುಮತಿ ಕೊಟ್ಟ ಮೇಲೆ ಮಾರ್ಚ್ 25ರಿಂದ ಮುಂದುವರಿಯಿತು. ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಹತ್ತು ವರ್ಷದ ಮಕ್ಕಳಿಗೆ ‘ನಾಳೆ ಪರೀಕ್ಷೆ ಇದೆಯಾ ಮಿಸ್?’ ಎಂಬುದೇ ದಿನದ ಮೊದಲ ಪ್ರಶ್ನೆಯಾದರೆ ಆಶ್ಚರ್ಯವೇನು?

ವಾದ ಎರಡೂ ಕಡೆ ಇದೆ. ಆದರೆ ಆ ಗದ್ದಲದಲ್ಲಿ ಪರೀಕ್ಷೆಗೆ ಬಾರದೇ ಹೋದ ಮಕ್ಕಳ ಮಾತು ಹೆಚ್ಚು ಕೇಳಿಬರಲಿಲ್ಲ. ಮಹದೇವಪುರದಂಥ ಕಡೆ ಚಿಂತೆಯ ವಿಷಯ ಅದೇ.

ಹಬ್ಬಕ್ಕೆ ಹೋದವರು

2024ರಲ್ಲಿ ಯುಗಾದಿ ಏಪ್ರಿಲ್ 9, ರಂಜಾನ್ ಏಪ್ರಿಲ್ 11. 2025ರಲ್ಲಿ ಯುಗಾದಿ ಮಾರ್ಚ್ 30, ರಂಜಾನ್ ಮರುದಿನ. ತರಗತಿಯಲ್ಲಿ ಬೇವು–ಬೆಲ್ಲದ ಮಾತೂ ಶೀರ್‌ಖುರ್ಮಾದ ಮಾತೂ ಒಂದೇ ವಾರ ಬಂದದ್ದು ಮಕ್ಕಳಿಗಂತೂ ಲಾಭ. ಹಾಜರಿ ಪುಸ್ತಕಕ್ಕೆ ಲಾಭವಲ್ಲ.

‘ಊರಿಗೆ ಹೊಂಟೀವ್ರಿ ಟೀಚರ್ರ, ಹಬ್ಬಾ ಮುಗಿಸ್ಕೊಂಡು ಬರ್ತೀವಿ’ ಎಂದು ಹೇಳಿ ಹೋಗುವವರಲ್ಲಿ ಹುಸಿ ನುಡಿಯುವವರು ಕಡಿಮೆ. ಊರಲ್ಲಿ ಯುಗಾದಿಯ ಹಿಂದೆಯೇ ಜಾತ್ರೆ, ಜಾತ್ರೆಯ ಹಿಂದೆ ಮದುವೆ. ಅಷ್ಟರಲ್ಲಿ ಶಾಲೆಗೆ ರಜೆ. ಮುಂಗಾರು ಬಿದ್ದರೆ ತುಂಡು ಹೊಲವಿದ್ದವರು ಬಿತ್ತಿಯೇ ಹೊರಡುತ್ತಾರೆ. ನಗರದ ಶಾಲೆ ಬಾಗಿಲು ತೆರೆಯುವುದೂ ಬಿತ್ತನೆ ಶುರುವಾಗುವುದೂ ಒಂದೇ ಕಾಲ. ಮರಳಿ ಬಂದಾಗ ಮೇಸ್ತ್ರಿ ಹೂಡಿಯ ಕಟ್ಟಡ ಮುಗಿಸಿ ವರ್ತೂರಿಗೋ ಸರ್ಜಾಪುರ ರಸ್ತೆಗೋ ಹೋಗಿರುತ್ತಾನೆ. ಶೆಡ್ಡು ಅಲ್ಲಿಗೆ, ಮಗುವೂ ಅಲ್ಲಿಗೆ. ಹಳೆಯ ಶಾಲೆಯ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಾ ಹೋಗುತ್ತದೆ, ಹೊಸ ಶಾಲೆಯ ಪುಸ್ತಕದಲ್ಲಿ ಹೆಸರೇ ಇರುವುದಿಲ್ಲ. ಅಪ್ಪ ಅಮ್ಮ ಶಾಲೆ ಬಿಡಿಸಬೇಕೆಂದು ಬಿಡಿಸಿದ್ದಲ್ಲ; ಎರಡು ರಿಜಿಸ್ಟರುಗಳ ನಡುವೆ ಮಗು ಕಳೆದುಹೋಯಿತು.

ಒಂದು ಸಂಖ್ಯೆ, ಒಂದು ಚೀಟಿ

ಇದನ್ನು ತಡೆಯುವ ಕಾನೂನು ನಮ್ಮಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಗು ಶಾಲೆ ಬದಲಿಸಲು ಹಕ್ಕುಳ್ಳದ್ದು, ಮುಖ್ಯಶಿಕ್ಷಕರು ವರ್ಗಾವಣೆ ಪತ್ರವನ್ನು (ಟಿಸಿ) ತಕ್ಷಣ ಕೊಡಬೇಕು. ಟಿಸಿ ತರುವುದು ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ ಎನ್ನುತ್ತದೆ 14ನೇ ಸೆಕ್ಷನ್. ಅರ್ಧಕ್ಕೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು ಎನ್ನುವುದು 4ನೇ ಸೆಕ್ಷನ್. ಇದಲ್ಲದೆ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ಎಸ್‌ಎಟಿಎಸ್ ಸಂಖ್ಯೆ ಇದೆ. ಆ ಸಂಖ್ಯೆ ಕೈಯಲ್ಲಿದ್ದರೆ ಸರ್ಜಾಪುರದ ಶಾಲೆಯಾಗಲಿ ಸಿಂಧನೂರಿನ ಶಾಲೆಯಾಗಲಿ ಮಗುವಿನ ದಾಖಲೆಯನ್ನು ಕಂಪ್ಯೂಟರಿನಲ್ಲೇ ತೆಗೆಯಬಹುದು.

ತೊಡಕು ಎಲ್ಲಿದೆಯೆಂದರೆ, ಆ ಸಂಖ್ಯೆ ಶಾಲೆಯ ಕಂಪ್ಯೂಟರಿನಲ್ಲಿದೆ, ಊರಿಗೆ ಹೊರಟ ಅಮ್ಮನ ಪರ್ಸಿನಲ್ಲಿಲ್ಲ. ಯುಗಾದಿಗೆ ಮುಂಚೆ ಪ್ರತಿ ವಲಸೆ ಕುಟುಂಬದ ಕೈಗೆ ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ, ಶಾಲೆಯ ಫೋನ್ ನಂಬರು ಬರೆದ ಚೀಟಿ ಕೊಟ್ಟರೆ ಖರ್ಚು ಒಂದು ಹಾಳೆ.

ಆ ಹಾಳೆಯ ಹಿಂಬದಿಗೆ ಇನ್ನೊಂದು ಸಾಲು ಬೇಕು: ಮಗು ಎಲ್ಲಿಯವರೆಗೆ ಕಲಿತಿದೆ. ಇಲ್ಲಿ ನಲಿ–ಕಲಿಯನ್ನು ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರಿಂದ ಬೆಳೆದ ಈ ಪದ್ಧತಿ 2009–10ರಿಂದ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಬಂತು. ಇಡೀ ತರಗತಿ ಒಂದೇ ಪಾಠದ ಹಿಂದೆ ಓಡುವ ಬದಲು ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತನ್ನ ವೇಗದಲ್ಲಿ ಹತ್ತುವುದು ಅದರ ಕ್ರಮ. ಎರಡು ತಿಂಗಳು ಊರಿಗೆ ಹೋಗಿ ಬಂದ ಮಗು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ವಲಸೆ ಮಕ್ಕಳಿಗೆ ಇದಕ್ಕಿಂತ ಒಗ್ಗುವ ಪದ್ಧತಿ ಕಾಣೆ. ಆದರೆ ಟಿಸಿ ಹೇಳುವುದು ತರಗತಿಯನ್ನು, ಮೆಟ್ಟಿಲನ್ನಲ್ಲ. ಹೊಸ ಶಿಕ್ಷಕಿ ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡುತ್ತಾರೆ.

ಎಸ್‌ಡಿಎಂಸಿ ಸಭೆಗೆ ಯಾರು ಬರುತ್ತಾರೆ?

ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ರಚಿಸಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳಿತು. ಆದರೆ ಸಭೆಗೆ ಬರಬೇಕಾದ ಪಾಲಕರು ದಿನಗೂಲಿಯವರು. ಒಂದು ಸಭೆ ಎಂದರೆ ಅರ್ಧ ದಿನದ ಕೂಲಿ ಹೋಯಿತು. ಸಂಜೆ ಆರರ ಮೇಲೋ ಭಾನುವಾರವೋ ಸಭೆ ಕರೆದರೆ ಬರುವವರ ಸಂಖ್ಯೆ ಬೇರೆಯೇ ಆದೀತು.

ಇದೇ ಪಾಲಕರು ತಪ್ಪದೆ ಬರುವ ದಿನ ಒಂದಿದೆ. ವರ್ಷದ ಕೊನೆಯ ‘ಸಮುದಾಯದತ್ತ ಶಾಲೆ’, ಅಂದರೆ ಫಲಿತಾಂಶದ ದಿನ. ಪ್ರಗತಿ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ಬೀಳುತ್ತದೆ. ಏಳನೆಯವರು ಕೇಕು ಕತ್ತರಿಸಿ, ಶಾಲೆಗೆ ಗೋಡೆ ಗಡಿಯಾರವೊಂದನ್ನು ಕೊಟ್ಟು, ಟಿಸಿಗೆ ಸಾಲು ನಿಲ್ಲುತ್ತಾರೆ. ಅದೇ ದಿನ ಸದ್ದಿಲ್ಲದೆ ಹೊರಡುವ ಇನ್ನೊಬ್ಬರಿದ್ದಾರೆ: ಅತಿಥಿ ಶಿಕ್ಷಕರು. ಶಾಲೆ ಮುಗಿದರೆ ಅವರ ನೇಮಕವೂ ಮುಗಿಯಿತು. 2025–26ರ ಬಜೆಟ್ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿತು, ರಜೆಯ ತಿಂಗಳುಗಳನ್ನು ತುಂಬಲಿಲ್ಲ. ಜೂನ್‌ನಲ್ಲಿ ಮಗು ಮರಳಿದರೂ ಅದರ ಮಿಸ್ ಮರಳುತ್ತಾರೆಂಬ ಖಾತರಿ ಇಲ್ಲ.

ನಲವತ್ತೆಂಟು ದಿನ

ಏಪ್ರಿಲ್ 11ರಿಂದ ಮೇ 28ರವರೆಗೆ ಲೆಕ್ಕ ಹಾಕಿದರೆ 48 ದಿನ. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಈಜು, ಚಿತ್ರಕಲೆ, ರೊಬೊಟಿಕ್ಸ್ ಶಿಬಿರ. ಊರಿಗೆ ಹೋಗದೆ ಶೆಡ್ಡಿನಲ್ಲೇ ಉಳಿದ ಮಕ್ಕಳಿಗೆ ತಮ್ಮ–ತಂಗಿಯರನ್ನು ನೋಡಿಕೊಳ್ಳುವುದು, ನೀರು ಹಿಡಿಯುವುದು. ಹಾಲು, ಮಾಲ್ಟ್, ಊಟ, ಮೊಟ್ಟೆ ಎಲ್ಲಕ್ಕೂ ರಜೆ. 2024ರಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟ ಉದಾಹರಣೆ ಇದೆ. ಬರ ಬಂದಾಗ ಸಾಧ್ಯವಾದದ್ದು ವಲಸೆ ಕಾರ್ಮಿಕರು ಹೆಚ್ಚಿರುವ ನಗರ ಭಾಗಗಳಲ್ಲಿ ಬೇರೆ ವರ್ಷವೂ ಸಾಧ್ಯವಾಗಬೇಕು.

ಅದೇ 2024ರ ಬೇಸಿಗೆ ಈ ಭಾಗಕ್ಕೆ ನೀರಿನ ಪಾಠವನ್ನೂ ಕಲಿಸಿತು. ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾಯುವುದೇ ಕೆಲಸವಾಯಿತು. ಆ ವರ್ಷ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಐದನೇ ಹಂತ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಶಾಲೆಯ ಮಟ್ಟಿಗೆ ನೀರಿನ ಲೆಕ್ಕ ಸರಳ: ನಲ್ಲಿಯಲ್ಲಿ ನೀರಿಲ್ಲದಿದ್ದರೆ ಶೌಚಾಲಯಕ್ಕೆ ಬೀಗ, ಶೌಚಾಲಯಕ್ಕೆ ಬೀಗ ಬಿದ್ದರೆ ಆರನೇ, ಏಳನೇ ತರಗತಿಯ ಹೆಣ್ಣುಮಕ್ಕಳು ಮನೆಯಲ್ಲಿ. ಟ್ಯಾಂಕು, ನಲ್ಲಿ, ಪೈಪು ಪರೀಕ್ಷಿಸುವ ಕಾಲ ರಜೆಯೇ ಹೊರತು ಜೂನ್ ಅಲ್ಲ.

ಓದುಗರಿಗೆ ಒಂದು ಮಾತು

ಸರ್ಕಾರಿ ಶಾಲೆಗೆ ನೆರವಾಗುವ ಮನಸ್ಸು ಮಹದೇವಪುರದಲ್ಲಿ ಕಡಿಮೆಯೇನಿಲ್ಲ. ಕಂಪನಿಗಳು ಗೋಡೆಗೆ ಬಣ್ಣ ಹೊಡೆಸುತ್ತವೆ, ಜೂನ್‌ನಲ್ಲಿ ಬ್ಯಾಗು, ನೋಟ್‌ಬುಕ್ಕು ಹಂಚುತ್ತವೆ. ಅದು ಬೇಡವೆನ್ನುವವರಿಲ್ಲ. ಆದರೆ ಜೂನ್‌ನಲ್ಲಿ ಬ್ಯಾಗು ಸಿಗುವುದು ಮರಳಿ ಬಂದ ಮಗುವಿಗೆ. ಬಾರದ ಮಗುವಿಗೆ ನೆರವು ಬೇಕಾದದ್ದು ಮಾರ್ಚ್‌ನಲ್ಲಿ.

ಆದ್ದರಿಂದ ಈ ವಸಂತದಲ್ಲಿ ಇಷ್ಟು ಮಾಡಿ. ನಿಮ್ಮ ಮನೆಗೆಲಸದವರ, ಗೇಟಿನ ಗಾರ್ಡಿನ, ಎದುರು ಸೈಟಿನ ಗಾರೆಯವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ಕೇಳಿ. ಊರಿಗೆ ಹೊರಡುವ ಮುಂಚೆ ಎಸ್‌ಎಟಿಎಸ್ ಸಂಖ್ಯೆ ಬರೆಸಿಕೊಳ್ಳಲು ಹೇಳಿ, ಅದರ ಒಂದು ಫೋಟೊ ನಿಮ್ಮ ಫೋನಿನಲ್ಲೂ ಇರಲಿ. ಜಾಗ ಬದಲಿಸುವವರಾದರೆ ಟಿಸಿಗೆ ಕಾಯದೆ ಹತ್ತಿರದ ಶಾಲೆಗೆ ಸೇರಿಸಬಹುದೆಂದು ತಿಳಿಸಿ. ಶಾಲೆ ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅವರ ಜೊತೆ ಹೋಗಿ. ಎಸ್‌ಡಿಎಂಸಿ ಸಭೆಗೆ ಹೋಗಬೇಕೆನ್ನುವ ತಾಯಿಗೆ ಅರ್ಧ ದಿನ ಸಂಬಳ ಸಹಿತ ರಜೆ ಕೊಡಿ. ಬಿಡುವಿದ್ದವರು ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ಡಿನ ಹತ್ತಿರ ದಿನಕ್ಕೊಂದು ಗಂಟೆ ಕೂತು ಮಕ್ಕಳಿಗೆ ಕಥೆಪುಸ್ತಕ ಓದಿ ಹೇಳಿ. ಇದಕ್ಕೆಲ್ಲ ಯಾವ ಕಂಪನಿಯ ಅನುದಾನವೂ ಬೇಡ, ಯಾವ ಇಲಾಖೆಯ ಅನುಮತಿಯೂ ಬೇಡ. ಏಪ್ರಿಲ್ 10 ದಾಟುವ ಮುಂಚೆ ಶುರು ಮಾಡಿದರೆ ಸಾಕು.