ನೆರಳಿಗೂ ಒಂದು ಕಾಲಂ ಬೇಕು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬ್ಯಾಂಕಿನಿಂದ ಮನೆಗೆ ನಡೆದು ಬರುತ್ತಿದ್ದಾಗ ತಲೆಸುತ್ತು ಬಂದು ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ದಾರಿ ಒಂದು ಕಿಲೋಮೀಟರಿಗಿಂತ ಕಡಿಮೆ. ಈ ಸಂಗತಿ ತಿಳಿದ ನನ್ನ ತಮ್ಮನ ಮಗಳು, ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್, ಬಿಡುವಿನ ವೇಳೆಯಲ್ಲಿ ಒಂದು ಆ್ಯಪ್ ಸಿದ್ಧಪಡಿಸತೊಡಗಿದಳು. ಹತ್ತಿರದ ದಾರಿಯ ಬದಲು ನೆರಳಿನ ದಾರಿ ತೋರಿಸುವುದು ಅದರ ಉದ್ದೇಶ. ಬಡಾವಣೆಯ ರಸ್ತೆಗಳಲ್ಲಿ ನಡೆದು ಮರಗಳನ್ನು ಗುರುತಿಸಿ ಕೊಡುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂತು.

ಇದರ ತತ್ತ್ವ ಸರಳವಾದುದು. ಸಾರ್ವಜನಿಕರೇ ಸೇರಿ 2004ರಿಂದ ರೂಪಿಸುತ್ತ ಬಂದಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ರಸ್ತೆಗಳ ವಿವರ ದೊರೆಯುತ್ತದೆ. ದಿನಾಂಕ, ವೇಳೆ ಮತ್ತು ಸ್ಥಳ ತಿಳಿದರೆ ಸೂರ್ಯನ ಸ್ಥಾನವನ್ನು, ಕಟ್ಟಡದ ಎತ್ತರ ತಿಳಿದರೆ ಅದರ ನೆರಳಿನ ಉದ್ದವನ್ನು ಲೆಕ್ಕ ಹಾಕಬಹುದು. ದಾರಿಯನ್ನು ಆಯ್ದುಕೊಡಲು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಗಣಿತ ವಿಧಾನವಿದೆ. ಬಿಸಿಲಿನ ನೂರು ಮೀಟರನ್ನು ಇನ್ನೂರು ಎಂದು ಎಣಿಸುವಂತೆ ಅದಕ್ಕೆ ಹೇಳಿದರಾಯಿತು. ಅರ್ಥಶಾಸ್ತ್ರದ ಭಾಷೆಯಲ್ಲಿ, ಇದು ಬಿಸಿಲಿಗೆ ಬೆಲೆ ಕಟ್ಟುವ ಕೆಲಸ.

ಉತ್ತರ-ದಕ್ಷಿಣವಾಗಿ ಸಾಗುವ ರಸ್ತೆಯಲ್ಲಿ ಬೆಳಿಗ್ಗೆ ಪೂರ್ವದ ಬದಿಯಲ್ಲೂ ಸಂಜೆ ಪಶ್ಚಿಮದ ಬದಿಯಲ್ಲೂ ಕಟ್ಟಡಗಳ ನೆರಳು ಸಿಗುತ್ತದೆ. ಆದರೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಇಪ್ಪತ್ತು ಮಹಡಿಯ ಕಟ್ಟಡವೂ ಫುಟ್‌ಪಾತಿಗೆ ಅಂಗೈಯಗಲ ನೆರಳು ಕೊಡಲಾರದು. ದಾರಿಯ ಮೇಲೆ ರೆಂಬೆ ಚಾಚಿದ ಮರವೇ ಆಸರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಇದೇ ನಗರದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ರಸ್ತೆಯ ಮೇಲ್ಮೈ ಉಷ್ಣಾಂಶ 27.5 ಡಿಗ್ರಿಯವರೆಗೆ ಕಡಿಮೆ ಇರುತ್ತದೆ.

ಆ್ಯಪಿನ ನಕ್ಷೆ ಮೊದಲ ಬಾರಿಗೆ ಸಿದ್ಧವಾದ ದಿನ, ನಾನು ಕುಸಿದು ಕುಳಿತಿದ್ದ ರಸ್ತೆ ಉದ್ದಕ್ಕೂ ಕೆಂಪಾಗಿ ಕಂಡಿತು. ‘ದೊಡ್ಡಪ್ಪ, ಇಲ್ಲಿ ಮೊದಲಿನಿಂದಲೂ ಮರಗಳೇ ಇರಲಿಲ್ಲವಾ?’ ಎಂದು ಹುಡುಗಿ ಕೇಳಿದಳು.

ಇದ್ದವು. ಸುಮಾರು ಹದಿನೈದು ವರ್ಷಗಳ ಹಿಂದೆ ಆ ರಸ್ತೆಯ ವಿಸ್ತರಣೆಗೆ ಆರ್ಥಿಕ ಟಿಪ್ಪಣಿ ಬರೆದು ಸಹಿ ಹಾಕಿದವನು ನಾನೇ. ವಾಹನ ಸವಾರರಿಗೆ ಉಳಿಯುವ ನಿಮಿಷಗಳಿಗೂ ಇಂಧನಕ್ಕೂ ಅದರಲ್ಲಿ ರೂಪಾಯಿಯ ಬೆಲೆಯಿತ್ತು. ಮರಗಳಿಗೆ ಇದ್ದುದು ಹರಾಜಿನ ಬೆಲೆ ಮಾತ್ರ. ಅದೂ ಆದಾಯದ ಕಾಲಂನಲ್ಲಿ. ನೆರಳಿಗೆ ಕಾಲಂ ಇರಲಿಲ್ಲ. ಸರ್ಕಾರಿ ಕಡತದಲ್ಲಿ ಕಾಲಂ ಇಲ್ಲದ್ದರ ಬೆಲೆ ಶೂನ್ಯ. ಯಾರೂ ಮಾರದ, ಎಲ್ಲರೂ ಅನುಭವಿಸುವ ಸಾರ್ವಜನಿಕ ಸರಕಿನ ಪಾಠವನ್ನು ಎಂ.ಎ. ತರಗತಿಯಲ್ಲಿ ಓದಿದ್ದ ನನಗೆ ಇದು ಹೊಳೆಯಲಿಲ್ಲವೆಂದು ಹೇಳಲಾರೆ. ಹೊಳೆದಿತ್ತು, ನಮೂನೆಯಲ್ಲಿ ಜಾಗವಿಲ್ಲವೆಂದು ಬರೆಯದೆ ಬಿಟ್ಟೆ.

ಈ ನಗರದ ನೆರಳು ತಾನಾಗಿ ಹುಟ್ಟಿದ್ದಲ್ಲ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕೃಂಬಿಗಲ್ ಅವರು ಋತುವಿಗೊಂದರಂತೆ ಹೂಬಿಡುವ ಸಾಲುಮರಗಳನ್ನು ಯೋಜಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅವರೂ ಸರ್ಕಾರಿ ನೌಕರರೇ. ಅವರ ಮುಂದೆಯೂ ಕಡತಗಳಿದ್ದವು.

ಆ್ಯಪಿನಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಅದು ಇರುವ ನೆರಳನ್ನು ಹುಡುಕಬಲ್ಲದೇ ಹೊರತು ಇಲ್ಲದ್ದನ್ನು ಸೃಷ್ಟಿಸಲಾರದು. ಮೇಲಾಗಿ, ದಾರಿ ಬದಲಿಸುವ ಸ್ವಾತಂತ್ರ್ಯ ನನ್ನಂಥವರಿಗಿದೆ. ಅದೇ ರಸ್ತೆಯನ್ನು ಗುಡಿಸಬೇಕಾದ ಪೌರಕಾರ್ಮಿಕರಿಗೆ, ಅಲ್ಲೇ ಬುಟ್ಟಿ ಇಟ್ಟು ಹೂ ಮಾರುವ ಹೆಂಗಸಿಗೆ ಇಲ್ಲ.

ಆದ್ದರಿಂದ ಎರಡು ಕೆಲಸಗಳು ತುರ್ತಾಗಿ ಆಗಬೇಕು. ಮರಗಳ ಗಣತಿಯ ಹೊಣೆಯನ್ನು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲೇ ಹೊರಿಸಿದೆ. 2025ರಲ್ಲಿ ರಚನೆಯಾದ ಐದು ನಗರ ಪಾಲಿಕೆಗಳು ಪ್ರತಿ ಮರದ ಸ್ಥಳ, ಜಾತಿ, ಹರವುಗಳ ವಿವರವನ್ನು ಒಂದೇ ಮಾದರಿಯಲ್ಲಿ ಸಾರ್ವಜನಿಕರಿಗೆ ಒದಗಿಸಲಿ. ಎರಡನೆಯದಾಗಿ, ಪ್ರತಿಯೊಂದು ರಸ್ತೆ ಯೋಜನಾ ವರದಿಯಲ್ಲೂ ಪಾದಚಾರಿಗಳು ಕಳೆದುಕೊಳ್ಳುವ ನೆರಳನ್ನು ವೆಚ್ಚವಾಗಿ ನಮೂದಿಸುವುದು ಕಡ್ಡಾಯವಾಗಲಿ. ಇಂದು ನೆಟ್ಟ ಸಸಿ ನೆರಳು ಕೊಡಲು ಹಿಡಿಯುವ ವರ್ಷಗಳೂ ಆ ಲೆಕ್ಕಕ್ಕೆ ಸೇರಲಿ.

ನಾನೀಗ ಆ್ಯಪ್ ತೋರಿಸುವ ಸುತ್ತುದಾರಿಯಲ್ಲೇ ಬ್ಯಾಂಕಿಗೆ ಹೋಗುತ್ತೇನೆ. ಅಂದು ಟಿಪ್ಪಣಿಯಲ್ಲಿ ಬಿಟ್ಟುಹೋದ ವೆಚ್ಚದಲ್ಲಿ ನನ್ನ ಪಾಲು ಅಷ್ಟೆ. ಉಳಿದದ್ದನ್ನು ಆ ಕಡತವನ್ನು ಎಂದೂ ಕಾಣದ ಜನ ಭರಿಸುತ್ತಿದ್ದಾರೆ.