ಔಷಧಕ್ಕೆ ಬಗ್ಗದ ಹುಳು ಹುಟ್ಟುವುದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಒಂದು ಮುಖ್ಯ ಬೆಳೆ. ಇದರ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಅಮೆರಿಕ ಖಂಡದ ಮೂಲದ್ದು. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲಿಗೆ ನಮ್ಮ ಶಿವಮೊಗ್ಗದಲ್ಲಿ ಕಂಡುಬಂದಿತು.

ಹೊಡೆದ ಔಷಧಕ್ಕೆ ಹುಳು ಸಾಯದಿದ್ದರೆ ಔಷಧ ಕಲಬೆರಕೆಯೆಂದೋ, ಪ್ರಮಾಣ ಸಾಲದೆಂದೋ ತಿಳಿಯುವುದು ಸಹಜ. ಆದರೆ ಒಂದೇ ಔಷಧವನ್ನು ಮತ್ತೆ ಮತ್ತೆ ಬಳಸಿದಲ್ಲಿ ಬದಲಾಗಿರುವುದು ಹುಳುವೇ ಇರಬಹುದು.

ಆಯ್ಕೆಯ ನಿಯಮ

ಬೀಜಕ್ಕೆಂದು ಜೋಳದ ಒಳ್ಳೆಯ ತೆನೆಗಳನ್ನೇ ಆರಿಸಿಡುವುದು ನಮ್ಮ ಹಿರಿಯರ ಪದ್ಧತಿ. ಆ ತೆನೆಗಳ ಗುಣ ಮುಂದಿನ ಬೆಳೆಗೆ ಇಳಿಯುತ್ತದೆ. ಸಿಂಪರಣೆಯೂ ಹುಳುಗಳಲ್ಲಿ ಇಂತಹದೇ ಆಯ್ಕೆ ಮಾಡುತ್ತದೆ. ಸಾವಿರಾರು ಹುಳುಗಳಲ್ಲಿ ಹುಟ್ಟಿನಿಂದಲೇ ಔಷಧವನ್ನು ತಾಳಿಕೊಳ್ಳುವ ಒಂದೆರಡು ಇರಬಹುದು. ಮಿಕ್ಕವು ಸಾಯುತ್ತವೆ, ಇವು ಬದುಕಿ ಸಂತಾನ ಬೆಳೆಸುತ್ತವೆ. ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಬೆಚ್ಚನೆಯ ಹವೆಯಲ್ಲಿ ಸುಮಾರು 30 ದಿನಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಅದೇ ಔಷಧ ಮುಂದುವರಿದರೆ ಪ್ರತಿ ತಲೆಮಾರಿನಲ್ಲೂ ತಾಳುವ ಹುಳುಗಳ ಪಾಲು ಹೆಚ್ಚುತ್ತದೆ. ಔಷಧ ಹುಳುವಿಗೆ ಹೊಸ ಶಕ್ತಿ ಕೊಡುವುದಿಲ್ಲ. ಶಕ್ತಿಯಿದ್ದುದನ್ನು ಆರಿಸಿ ಉಳಿಸುತ್ತದೆ. ಡಾರ್ವಿನ್ 1859ರಲ್ಲಿ ವಿವರಿಸಿದ ನೈಸರ್ಗಿಕ ಆಯ್ಕೆ ಇದೇ.

ಪೋರ್ಟೊರಿಕೊ ದ್ವೀಪದಲ್ಲಿ ಬಿ.ಟಿ. ಮೆಕ್ಕೆಜೋಳದ ವಿಷಕ್ಕೆ ಇದೇ ಹುಳು 2006ರ ಹೊತ್ತಿಗೆ ನಿರೋಧಕ ಶಕ್ತಿ ಪಡೆದಿತ್ತು. ನಮ್ಮ ದೇಶಕ್ಕೆ 2002ರಲ್ಲಿ ಬಂದ ಬಿ.ಟಿ. ಹತ್ತಿಯನ್ನು ಗುಜರಾತಿನ ಗುಲಾಬಿ ಕಾಯಿಕೊರಕ 2009ರ ವೇಳೆಗೆ ತಾಳಿಕೊಂಡಿತು.

ಹೊಲದಲ್ಲಿರುವ ಮಿತ್ರರು

ಟೆಲೆನೋಮಸ್, ಟ್ರೈಕೊಗ್ರಾಮಾ ಎಂಬ ಪುಟ್ಟ ಕಣಜಗಳು ಈ ಕೀಟದ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಟ್ಟು ಅದನ್ನು ನಾಶಪಡಿಸುತ್ತವೆ. ತೇವದ ಹವೆಯಲ್ಲಿ ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರ ತಗುಲಿದ ಹುಳು ಸೆಟೆದು ಸತ್ತು ಬಿಳುಪಾಗಿ, ಬಳಿಕ ಹಸಿರು ಪುಡಿಯಿಂದ ಮುಚ್ಚಿಹೋಗುತ್ತದೆ. ಔಷಧವನ್ನು ತಾಳಿಕೊಂಡ ಹುಳುವನ್ನೂ ಇವು ಕೊಲ್ಲಬಲ್ಲವು. ಅನಾವಶ್ಯಕ ಸಿಂಪರಣೆಯಿಂದ ಮೊದಲು ಸಾಯುವವರು ಈ ಮಿತ್ರರೇ.

ರೈತರು ಅನುಸರಿಸಬೇಕಾದ ಕ್ರಮಗಳು

1. ಊರಿನವರೆಲ್ಲ ಆದಷ್ಟು ಒಂದೇ ಕಾಲಕ್ಕೆ ಬಿತ್ತಬೇಕು. ತೊಗರಿಯನ್ನು ಅಂತರ ಬೆಳೆಯಾಗಿ ಹಾಕುವುದು ಒಳ್ಳೆಯದು.

2. ಎಕರೆಗೆ 5 ಮೋಹಕ ಬಲೆ ಕಟ್ಟಿ ಪತಂಗಗಳ ಬರುವಿಕೆಯನ್ನು ಗಮನಿಸಬೇಕು. ವಾರಕ್ಕೆರಡು ಸಲ ಬೆಳೆ ನೋಡಿ, ಮೊಟ್ಟೆಯ ಗುಂಪುಗಳನ್ನು ಹಿಸುಕಿ ಹಾಕಬೇಕು.

3. ಎಳೆಯ ಬೆಳೆಯಲ್ಲಿ ನೂರಕ್ಕೆ 5 ಗಿಡಗಳಿಗೆ ಹಾನಿಯಾಗಿದ್ದರೆ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಸುಳಿಗೆ ಬೀಳುವಂತೆ ಸಿಂಪಡಿಸಬೇಕು.

4. ಹಾನಿ ನೂರಕ್ಕೆ 10 ಗಿಡಗಳನ್ನು ಮೀರಿದಾಗ ಮಾತ್ರ ಲೀಟರು ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಬಳಸಬಹುದು. ಮತ್ತೆ ಬೇಕಾದಲ್ಲಿ ಅದನ್ನೇ ಹೊಡೆಯದೆ, ಬೇರೆ ಗುಂಪಿಗೆ ಸೇರಿದ ಸ್ಪೈನೆಟೊರಾಂ 11.7 ಎಸ್.ಸಿ. 0.5 ಮಿ.ಲೀ. ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. 0.4 ಮಿ.ಲೀ. ಉಪಯೋಗಿಸಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಹೊರಗಿನ ಹೆಸರನ್ನಲ್ಲ, ಡಬ್ಬಿಯ ಮೇಲಿನ ಔಷಧದ ಹೆಸರನ್ನು ಓದಿರಿ. ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರುವುದುಂಟು.

ಪತಂಗವು ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರು ಹಾರಬಲ್ಲದು. ಹರಪನಹಳ್ಳಿಯ ಹೊಲದಲ್ಲಿ ಉಳಿದ ಗಟ್ಟಿ ಹುಳುವಿನ ಸಂತಾನ ಕೂಡ್ಲಿಗಿಯ ಹೊಲಕ್ಕೂ ಬಂದೀತು. ಆದ್ದರಿಂದ ಔಷಧದ ಶಕ್ತಿಯನ್ನು ಉಳಿಸಿಕೊಳ್ಳುವುದು ಒಬ್ಬ ರೈತನಿಂದಾಗುವ ಕೆಲಸವಲ್ಲ. ಕೆರೆಯ ನೀರಿನಂತೆ ಅದೂ ಊರಿಗೆಲ್ಲ ಸೇರಿದ ಸ್ವತ್ತೆಂದು ತಿಳಿದು, ಅಕ್ಕಪಕ್ಕದವರೊಡನೆ ಕೂಡಿ ಹಿತಮಿತವಾಗಿ ಬಳಸುವುದು ಅವಶ್ಯ.